ಮ್ಯಾಕ್ನಾಟನ್ ಪೊಲೀಸ್ ಆಗಿದ್ದು ಯಾವಾಗ?

ಪ್ರಶ್ನೆ: 1888ರ ಲಂಡನ್ ‘ಜಾಕ್ ದಿ ರಿಪ್ಪರ್’ ಕೊಲೆಗಳು ನಡೆದಾಗ ಮುಂದೆ ಅವುಗಳ ಶಂಕಿತರ ಬಗ್ಗೆ ಟಿಪ್ಪಣಿ ಬರೆದ ಲಂಡನ್ ಪೊಲೀಸ್ ಅಧಿಕಾರಿ ಮೆಲ್ವಿಲ್ ಮ್ಯಾಕ್ನಾಟನ್ ಯಾವ ಹುದ್ದೆಯಲ್ಲಿದ್ದರು?

ಉತ್ತರ: ಆಗ ಅವರು ಪೊಲೀಸೇ ಅಲ್ಲ! ಮೊದಲು ಬಂಗಾಳದಲ್ಲಿ ಮನೆತನದ ಆಸ್ತಿ ನೋಡಿಕೊಳ್ಳುತ್ತಿದ್ದರು. ಅಲ್ಲೇ ಪರಿಚಯವಾದ ಪೊಲೀಸ್ ಅಧಿಕಾರಿ ಜೇಮ್ಸ್ ಮನ್ರೋ ಮುಂದೆ ಲಂಡನ್‌ನಲ್ಲಿ ಇವರಿಗೊಂದು ಹುದ್ದೆ ಕೊಡಿಸಲು ಹೊರಟರೆ ಅಲ್ಲಿನ ಪೊಲೀಸ್ ಕಮಿಷನರ್ ವಾರನ್ ಒಪ್ಪಲಿಲ್ಲ. ವಾರನ್ 1888ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು, ಆ ಕುರ್ಚಿಗೆ ಮನ್ರೋ ಬಂದರು, ಮ್ಯಾಕ್ನಾಟನ್ 1889ರ ಜೂನ್‌ನಲ್ಲಿ ಕೆಲಸಕ್ಕೆ ಸೇರಿದರು. 1890ರಲ್ಲಿ ಚೀಫ್ ಕಾನ್‌ಸ್ಟೇಬಲ್, 1903ರಲ್ಲಿ ಅಸಿಸ್ಟೆಂಟ್ ಕಮಿಷನರ್, 1913ರಲ್ಲಿ ನಿವೃತ್ತಿ.

ಈ ಕೊಲೆಗಳ ಶಂಕಿತರ ಹೆಸರಿರುವ ಅವರ ಟಿಪ್ಪಣಿ 1894ರದ್ದು, ಅಂದ್ರೆ ಕೊಲೆಗಳಾಗಿ ಆರು ವರ್ಷದ ಮೇಲೆ ಬರೆದದ್ದು. ಅದನ್ನು ಹುಷಾರಾಗಿ ಓದಬೇಕು ಅಲ್ವಾ? ಅದರಲ್ಲಿ ಶಂಕಿತರಲ್ಲಿ ಒಬ್ಬನಾದ ಡ್ರೂಯಿಟ್‌ನನ್ನು ಡಾಕ್ಟರ್ ಅಂತ ಬರೆದಿದ್ದಾರೆ. ಆತ ವಕೀಲ, ಶಾಲೆಯಲ್ಲಿ ಮೇಷ್ಟ್ರೂ ಆಗಿದ್ದವನು.