ಫಿಕ್ಸ್ ಸಂಬಳವೋ, ಟ್ರಿಪ್ ಬಾಟಾನೋ?

ಅಣ್ಣ, ಲಾರಿ ಡ್ರೈವರ್ ಕೆಲಸಕ್ಕೆ ದಾವಣಗೆರೆಯಲ್ಲಿ ತಿಂಗಳಿಗೆ 25,000 ಫಿಕ್ಸ್ ಕೊಡೋ ಟ್ರಾನ್ಸ್‌ಪೋರ್ಟ್ ಒಳ್ಳೇದಾ, 15,000 ಜೊತೆ ಟ್ರಿಪ್ ಬಾಟಾ (ಪ್ರತಿ ಟ್ರಿಪ್ಪಿಗೆ ಸಿಗೋ ಭತ್ಯೆ) ಕೊಡೋದಾ ಅಂತ ಕೇಳಿದ್ರಿ. ಮೊದಲು ಹಾಲ್ಟಿಂಗ್, ಅಂದ್ರೆ ಗಾಡಿ ಕಾದು ನಿಲ್ಲೋ ದಿನಗಳ ಲೆಕ್ಕ ವಿಚಾರಿಸಿ. ಮೆಕ್ಕೆಜೋಳದ ಲೋಡು ಅನ್‌ಲೋಡ್ ಆಗದೆ ಎರಡು ದಿನ ಗೇಟಲ್ಲೇ ನಿಂತ್ರೆ ಆ ಬಾಟಾ ಯಾರು ಕೊಡ್ತಾರೆ? ಟ್ರಿಪ್ ಲೆಕ್ಕದ ದುಡ್ಡು ಸೋರೋದೇ ಅಲ್ಲಿ. ಡೀಸೆಲ್ ಆವರೇಜ್ (ಲೀಟರಿಗೆ ಓಡೋ ಕಿಲೋಮೀಟರ್) ಕಮ್ಮಿ ಬಂದ್ರೆ ಸಂಬಳದಲ್ಲಿ ಹಿಡೀತಾರಾದ್ರೆ, ಲೋಡಿಗೂ ಖಾಲಿಗೂ ಬೇರೆ ಬೇರೆ ಆವರೇಜ್ ಬರೆಸ್ಕೊಳ್ಳಿ. ಎರಡಕ್ಕೂ ಒಂದೇ ಅಂಕಿ ಇಟ್ರೆ ಲಾಸು ನಿಮಗೇ. ಓವರ್‌ಲೋಡ್ ಹಾಕೋ ಕಡೆ ಹೋಗ್ಲೇಬೇಡಿ: ದಂಡ 20,000, ಹೆಚ್ಚುವರಿ ಟನ್ನಿಗೆ ಮತ್ತೆ 2,000. ಪಿಎಫ್ ಇದೆ ಅಂದ್ರೆ ಬಾಯಿಮಾತು ನಂಬದೆ, ಅಲ್ಲೇ ಕೆಲಸ ಮಾಡೋ ಡ್ರೈವರ್ ಪಾಸ್‌ಬುಕ್ಕಲ್ಲಿ ತಿಂಗಳ ಜಮಾ ನೋಡಿ. ಟೈರುಗಳನ್ನೂ ಒಮ್ಮೆ ನೋಡ್ಬಿಡಿ, ಸವೆದ ಟೈರಲ್ಲಿ ಗಾಡಿ ಓಡಿಸೋ ಮಾಲೀಕ ಬಾಟಾನೂ ಎಳೆದಾಡಿಸ್ತಾನೆ.