ಮೈನ್ ಅನಿಮೆಯಲ್ಲಿ ಯಾಕೆ ಸತ್ಲು?

ನಿಮ್ಮ ಪತ್ರ ಸಿಕ್ತು. ಭ್ರಷ್ಟ ಸಾಮ್ರಾಜ್ಯದ ವಿರುದ್ಧ ಹೋರಾಡೋ ಹಂತಕರ ಗುಂಪಿನ ಕಥೆ 'ಅಕಮೆ ಗ ಕಿಲ್'ನ ಅನಿಮೆ (ಜಪಾನಿ ಕಾರ್ಟೂನ್ ಸರಣಿ) ಒಂದೇ ಉಸಿರಿಗೆ ನೋಡಿ ಮುಗಿಸಿದ್ರಿ, ಆ ಗುಂಪಿನ ತತ್ಸುಮಿ, ಮೈನ್ ಇಬ್ರೂ ಸತ್ತಿದ್ದು ನೋಡಿ ಸಿಟ್ಟು ಬಂತು, ಆಮೇಲೆ ಗೆಳೆಯರೊಬ್ರು ಮಾಂಗಾದಲ್ಲಿ, ಅಂದ್ರೆ ಮೂಲ ಜಪಾನಿ ಚಿತ್ರಕಥೆಯಲ್ಲಿ, ಇಬ್ರೂ ಬದುಕ್ತಾರೆ ಅಂದಾಗ ಮೋಸ ಹೋದ ಹಾಗಾಯ್ತು, 'ಕಥೆ ಇರೋ ಹಾಗೇ ತೆಗೆಯೋಕೆ ಇವ್ರಿಗೇನು ಕಷ್ಟ' ಅಂತ ಕೇಳಿದ್ದೀರಿ.

ಅನಿಮೆ ತೆಗೆಯೋವಾಗ ಮಾಂಗಾದ ಕಥೆ ಇನ್ನೂ ಮುಗಿದೇ ಇರ್ಲಿಲ್ಲ. ತಾಕಾಹಿರೊ ಬರೆದು ತೆತ್ಸುಯಾ ತಾಶಿರೊ ಚಿತ್ರ ಬಿಡಿಸಿದ ಈ ಮಾಂಗಾ 2010ರಲ್ಲಿ 'ಗಂಗನ್ ಜೋಕರ್' ಮಾಸಪತ್ರಿಕೆಯಲ್ಲಿ ಶುರುವಾಗಿ 2016ರ ಕೊನೆಗೆ ಮುಗೀತು, ಒಟ್ಟು 15 ಸಂಪುಟ. ವೈಟ್ ಫಾಕ್ಸ್ ಸ್ಟುಡಿಯೋದ ಅನಿಮೆ ಆದ್ರೆ 2014ರ ಜುಲೈನಲ್ಲಿ ಶುರುವಾಗಿ ಡಿಸೆಂಬರ್‌ಗೆಲ್ಲಾ 24 ಎಪಿಸೋಡ್ ಮುಗಿಸಿಬಿಡ್ತು. ಎರಡು ವರ್ಷ ಮೊದ್ಲೇ ಕ್ಲೈಮ್ಯಾಕ್ಸ್ ತಾವೇ ಕಟ್ಟಬೇಕಾಯ್ತು. ಇದನ್ನ ಮೋಸ ಅನ್ನೋಕೆ ನಾನು ಒಪ್ಪಲ್ಲ.

ಸಾವಂತೂ ಈ ಕಥೆಯ ನಿಯಮಾನೇ. ಸಾವಿರ ವರ್ಷದ ಹಿಂದೆ ಮೊದಲ ಚಕ್ರವರ್ತಿ ಮಾಡಿಸಿದ 48 ತೇಗು ಆಯುಧಗಳಿವೆಯಲ್ಲ, ಅಂಥ ಆಯುಧ ಇರೋ ಇಬ್ರು ಕೊಲ್ಲೋಕೆ ಅಂತ ಎದುರಾದ್ರೆ ಒಬ್ರು ಸಾಯಲೇಬೇಕು. ಆದ್ರೆ ಅದೇ ಗುಂಪಿನ ಶೀಲೆ ಸಾವು ನೆನಪಿಸ್ಕೊಳ್ಳಿ, 6ನೇ ಎಪಿಸೋಡ್. ಮನೆಗೆಲಸ ಯಾವುದೂ ನೆಟ್ಟಗೆ ಬರದ, ಕೊಲ್ಲೋದೊಂದೇ ಚೆನ್ನಾಗಿ ಬರೋ ಹುಡುಗಿ, ಶತ್ರುವಿನ ಆಯುಧವೇ ಆಗಿರೋ ಕೋರೊ ಅನ್ನೋ ಪ್ರಾಣಿಯ ಕೈಗೆ ಸಿಕ್ಕಿದ್ದ ಮೈನ್‌ನ ಬಿಡಿಸ್ಕೊಂಡು ಇನ್ನೇನು ಗೆದ್ವಿ ಅನ್ನೋ ಹೊತ್ತಿಗೆ ಗುಂಡು ಬಿದ್ದು, ಆ ಪ್ರಾಣಿ ಅವಳ ದೇಹಾನೇ ಕಚ್ಚಿ ತುಂಡು ಮಾಡುತ್ತೆ, ಆ ಸ್ಥಿತೀಲೂ ಅವಳು ತನ್ನ ದೊಡ್ಡ ಕತ್ತರಿಯಿಂದ ಕಣ್ಣು ಕುಕ್ಕೋ ಬೆಳಕು ಬಿಟ್ಟು ಮೈನ್ ಓಡಿಹೋಗೋಕೆ ದಾರಿ ಮಾಡ್ತಾಳೆ. ಎರಡೇ ಎಪಿಸೋಡ್ ಆದ್ಮೇಲೆ ಗುಂಪಿನ ಇನ್ನೊಬ್ಬ ಬುಲಾಟ್, ತನ್ನ ಹಳೇ ಜನರಲ್‌ನ ವಿಷದ ರಕ್ತ ಮೈಗೇರಿ ಸಾಯುವಾಗ ಇನ್ಕರ್ಸಿಯೊ ಕವಚಾನ ತತ್ಸುಮಿಗೆ ಕೊಟ್ಟು ಹೋಗ್ತಾನೆ. ಆಮೇಲೆ ತತ್ಸುಮಿ ಅದನ್ನ ತೊಟ್ಟಾಗಲೆಲ್ಲ ಬುಲಾಟ್ ಅಲ್ಲೇ ಇದ್ದಾನೆ ಅನ್ಸುತ್ತೆ. ಇಂಥ ಸಾವು ಉಳಿದವ್ರನ್ನ ಬದಲಾಯಿಸುತ್ತೆ, ನನಗೆ ಈ ಕಥೆ ಇಷ್ಟ ಆಗಿದ್ದೇ ಇದಕ್ಕೆ.

ಕೊನೇ ಎಪಿಸೋಡ್‌ಗಳಲ್ಲಿ ಅದಕ್ಕೆ ಟೈಮೇ ಇಲ್ಲ. ಮೈನ್, ಕುರೊಮೆ (ಗುಂಪಿನ ಅಕಮೆಯ ತಂಗಿ, ಶತ್ರು ಪಕ್ಷದವಳು), ತತ್ಸುಮಿ ಒಬ್ರಾದ ಮೇಲೊಬ್ರು ಹೋಗ್ತಾರೆ, ಅಳೋಕೂ ಬಿಡಲ್ಲ. ಮಾಂಗಾದಲ್ಲೂ ತತ್ಸುಮಿನ ಗಲ್ಲಿಂದ ಬಿಡಿಸೋಕೆ ಬಂದ ಮೈನ್ ಸಾಮ್ರಾಜ್ಯದ ಮಹಾ ಸೇನಾಪತಿ ಬುಡೊನ ಕೊಂದು ಅಲ್ಲೇ ಕುಸೀತಾಳೆ, ಆದ್ರೆ ಸಾಯಲ್ಲ, ಪ್ರಜ್ಞೆ ಇಲ್ಲದೆ ಮಲಗಿರ್ತಾಳೆ. ಕವಚ ತತ್ಸುಮಿಯ ಮೈಯನ್ನೇ ತಿಂತಾ ಬಂದು ಕೊನೆಗೆ ಅವನು ಡ್ರ್ಯಾಗನ್ ಆಗಿಯೇ ಉಳೀತಾನೆ. ಬದುಕೋದಕ್ಕೂ ಅಲ್ಲಿ ದೊಡ್ಡ ಬೆಲೆ ತೆರಬೇಕು, ಅದಕ್ಕೇ ಆ ಮುಕ್ತಾಯ ನನಗೆ ಅನಿಮೆ ಮುಕ್ತಾಯಕ್ಕಿಂತ ಗಟ್ಟಿ ಅನ್ಸುತ್ತೆ. ಕುರೊಮೆನೂ ಅಕ್ಕನ ಕೈಲಿ ಸಾಯಲ್ಲ, ತನ್ನ ಪಡೆಯ ಜೊತೆಗಾರ ವೇವ್ ಜೊತೆ ಹೊರಟು ಹೋಗ್ತಾಳೆ.

ಮಾಂಗಾನ ಅನಿಮೆ ನಿಂತಲ್ಲಿಂದ ಹಿಡೀಬೇಡಿ, ಮೊದಲ ಸಂಪುಟದಿಂದ್ಲೇ ಓದಿ, ಮಂತ್ರಿ ಮಗ ಶ್ಯುರಾ ಕಟ್ಟಿದ 'ವೈಲ್ಡ್ ಹಂಟ್' ಗುಂಪಿನ ಭಾಗ ಅನಿಮೆಯಲ್ಲಿ ಇಲ್ವೇ ಇಲ್ಲ. ಇನ್ನು ಎಂಟನೇ ಕ್ಲಾಸಿನ ತಮ್ಮಂಗೆ ತೋರಿಸ್ಬೋದಾ ಅಂತ ಕೇಳಿದ್ದೀರಲ್ಲ, ಬೇಡ. ಮೊದಲ ಎಪಿಸೋಡಲ್ಲೇ ಹಳ್ಳಿಯಿಂದ ಬಂದ ಹುಡುಗರನ್ನ ಚಿತ್ರಹಿಂಸೆ ಕೊಟ್ಟು ಕೊಂದಿರೋ ಗೋದಾಮು ತೋರಿಸ್ತಾರೆ. ಕಾಲೇಜಿಗೆ ಹೋಗೋವರ್ಗೂ ತಡೀರಿ.