ಸಂಬಳದ ಮಾತ್ರೆಗೆ ಧಣಿಯ ಅಪ್ಪಣೆಯೇ?

ಪತ್ರ: ಕರಕುಶಲ ಸಾಮಗ್ರಿ ಮಾರುವ ಅಮೆರಿಕದ ಹಾಬಿ ಲಾಬಿ ಕಂಪನಿಯ ಮಾಲೀಕರು ದೈವಭಕ್ತರು. ತಾವು ಪಾಪವೆಂದು ನಂಬಿದ ಗರ್ಭನಿರೋಧಕಗಳಿಗೆ ನೌಕರರ ಆರೋಗ್ಯ ವಿಮೆಯ ಮೂಲಕ ಅವರೇ ಹಣ ಕಟ್ಟಬೇಕೆಂದು ಸರ್ಕಾರ ಒತ್ತಾಯಿಸಿದ್ದು ಧರ್ಮದಲ್ಲಿ ಕೈಹಾಕಿದಂತಲ್ಲವೇ? ಅಮೆರಿಕದಲ್ಲೇ ಕೆಲಸದಲ್ಲಿರುವ ನನ್ನ ಮಗಳು ಇದನ್ನು ಒಪ್ಪುವುದಿಲ್ಲ.
– ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಕಳಕಳಿಯಿದೆ, ಸಂತೋಷ. ಆ ಕಂಪನಿಯ ಒಡೆಯರಾದ ಓಕ್ಲಹೋಮಾದ ಗ್ರೀನ್ ಕುಟುಂಬದವರ ಭಕ್ತಿಯನ್ನು ನಾನೂ ಅನುಮಾನಿಸುವುದಿಲ್ಲ. ಭಾನುವಾರ ವ್ಯಾಪಾರವನ್ನೇ ನಿಲ್ಲಿಸುವವರು ಅವರು. ಇಪ್ಪತ್ತು ಬಗೆಯ ಗರ್ಭನಿರೋಧಕಗಳಲ್ಲಿ ಬೇಡವೆಂದದ್ದು ನಾಲ್ಕನ್ನು ಮಾತ್ರ. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಅವರನ್ನು ಗೆಲ್ಲಿಸಿತು. ಇಷ್ಟು ಸರಿ. ಆದರೆ ‘ಅವರೇ ಹಣ ಕಟ್ಟಬೇಕು’ ಎಂದು ಬರೆದಿದ್ದೀರಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಆ ಹಣ ಯಾರದು? ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕ ಸರ್ಕಾರ ಕೂಲಿಯ ಏರಿಕೆಗೆ ತಡೆ ಹಾಕಿತು. ಆಳು ಸಿಗದೆ ಒದ್ದಾಡುತ್ತಿದ್ದ ಕಂಪನಿಗಳು ಹೆಚ್ಚಿನ ಸಂಬಳದ ಬದಲು ವಿಮೆ ಕೊಡತೊಡಗಿದವು. ಆಮೇಲೆ ತೆರಿಗೆ ವಿನಾಯಿತಿಯೂ ಸೇರಿ ಅದು ಬೇರುಬಿಟ್ಟಿತು. ಕೂಲಿಯೇ ವೇಷ ಬದಲಿಸಿ ವಿಮೆಯಾಯಿತು, ಅಷ್ಟೆ. ಕೆಲಸದ ಹೆಣ್ಣುಮಗಳು ಸಂಬಳದಲ್ಲಿ ಆ ಮಾತ್ರೆ ಕೊಂಡರೆ ಧಣಿಗೆ ತಟ್ಟದ ಪಾಪ ವಿಮೆಯಲ್ಲಿ ಕೊಂಡಾಗ ತಟ್ಟುವುದು ಹೇಗೆ?

ನನ್ನ ತಂದೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿದ್ದರು. ತಂಗಿ ಹುಟ್ಟಿದ ಮೇಲೆ ಅಮ್ಮನಿಗೆ ರಕ್ತ ಕಡಿಮೆಯಾಗಿ ಮುಖ ಬಿಳಿಚಿಕೊಂಡಿತ್ತು. ಕಾರ್ಮಿಕರ ವಿಮೆಯ, ಅಂದರೆ ಇ.ಎಸ್.ಐ. ದವಾಖಾನೆಯ ಡಾಕ್ಟರು ಲಿವರ್ ಇಂಜೆಕ್ಷನ್ ಬರೆದರು. ಕಂದು ಬಣ್ಣದ ಆ ಮದ್ದು ಪ್ರಾಣಿಯ ಪಿತ್ತಜನಕಾಂಗದಿಂದ ತೆಗೆದದ್ದು. ಗಿರಣಿಯ ಧಣಿಗಳೋ ಈರುಳ್ಳಿಯನ್ನೂ ಮುಟ್ಟದವರು. ಅವರ ವಂತಿಗೆಯೂ ಆ ವಿಮೆಯ ನಿಧಿಯಲ್ಲಿತ್ತು. ಅಮ್ಮನಿಗೆ ಏನು ಚುಚ್ಚಿದರೆಂದು ಅವರು ಕೇಳಲಿಲ್ಲ. ಕೇಳುವ ದಾರಿಯನ್ನೇ 1948ರ ಇ.ಎಸ್.ಐ. ಕಾಯ್ದೆ ಇಟ್ಟಿರಲಿಲ್ಲ: ಹಣ ಇ.ಎಸ್.ಐ. ನಿಗಮಕ್ಕೆ ಹೋಗುತ್ತಿತ್ತು, ಚೀಟಿ ಬರೆಯುವುದು ಡಾಕ್ಟರಿಗೆ ಬಿಟ್ಟದ್ದು. ಸರ್ಕಾರ ಕೈಹಾಕುವುದೆಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಆ ದವಾಖಾನೆಯ ಸಾಲು.

ಹಾಬಿ ಲಾಬಿ ತೀರ್ಪಿಗೆ ಭಿನ್ನಮತ ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು ಹಿಂದೂಗಳನ್ನೂ ನೆನೆದಿದ್ದಾರೆ, ಗಮನಿಸಿ. ರಕ್ತ ಕೊಡಬಾರದೆನ್ನುವ ಯೆಹೋವನ ಸಾಕ್ಷಿಗಳು, ಹಂದಿಯಿಂದ ಬಂದ ಅರಿವಳಿಕೆ, ಜಿಲೆಟಿನ್ ಲೇಪದ ಗುಳಿಗೆ ಬೇಡವೆನ್ನುವ ಮುಸ್ಲಿಮರು, ಯಹೂದಿಗಳು, ಹಿಂದೂಗಳು – ಇಂಥ ಧಣಿಗಳೆಲ್ಲ ಬಂದು ನಿಂತರೆ ಏನು ಮಾಡುತ್ತೀರಿ ಎಂದು ಕೇಳಿದರು. ತೀರ್ಪು ಗರ್ಭನಿರೋಧಕಕ್ಕೆ ಮಾತ್ರ ಎಂದರು ಬಹುಮತದ ಪರ ಬರೆದ ಸ್ಯಾಮ್ಯುಯೆಲ್ ಅಲಿಟೊ. ನನಗೆ ಸಮಾಧಾನವಾಗಲಿಲ್ಲ. ಗರ್ಭ ತಡೆಯಲು ಗರ್ಭಕೋಶದೊಳಗೆ ಇಡುವ ವಂಕಿಯನ್ನು ಹಾಕಿಸುವ ಖರ್ಚು ಕನಿಷ್ಠ ಕೂಲಿಯವಳ ಹೆಚ್ಚುಕಡಿಮೆ ಒಂದು ತಿಂಗಳ ದುಡಿಮೆ ಎಂಬ ಅದೇ ಭಿನ್ನಮತದ ಮಾತಿಗೆ ಯಾವ ಭಕ್ತಿ ಉತ್ತರ ಕೊಡುತ್ತದೆ?

ನನ್ನ ಸಿಟ್ಟು ಇನ್ನೂ ದೊಡ್ಡದು. ಕಾಯಿಲೆಯ ಆಸರೆಯನ್ನು ನೌಕರಿಗೆ ಕಟ್ಟಿಹಾಕಿದ್ದೇ ತಪ್ಪು. ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿ ದುಡಿಯುವ ನಮ್ಮ ಹುಡುಗರಿಗೆ ಕೆಲಸ ಹೋದರೆ ಆ ದೇಶದಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ವಿಮೆ ಮುಂದುವರಿಯಬೇಕೆಂದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಕಂತನ್ನು ತಾವೇ ತೆರಬೇಕು. ಸಂಬಳವಿಲ್ಲದ ಮನೆಯಲ್ಲಿ ಅದನ್ನು ಎಲ್ಲಿಂದ ತರುತ್ತಾರೆ?

ಮಗಳೊಡನೆ ವಾದ ನಿಲ್ಲಿಸಬೇಡಿ. ಮುಂದಿನ ಸಲ ಅವಳು ಫೋನ್ ಮಾಡಿದಾಗ, ವಿಮೆಗೆಂದು ಅವಳ ಸಂಬಳದಲ್ಲಿ ತಿಂಗಳಿಗೆ ಎಷ್ಟು ಮುರಿದುಕೊಳ್ಳುತ್ತಾರೆಂದು ಕೇಳಿ, ನನಗೂ ಬರೆಯಿರಿ.